ವಿಕಿರಣ ಯಂತ್ರದ ಶ್ರುತಿ ತಪ್ಪಿದಾಗ

“ಯಂತ್ರ ರಿಪೇರಿಯಲ್ಲಿದೆ. ಇಂದು ಚಿಕಿತ್ಸೆ ಇರುವುದಿಲ್ಲ.”

ಮನೆಯಲ್ಲಿ ಯಾರಿಗಾದರೂ ವಿಕಿರಣ ಚಿಕಿತ್ಸೆ ಕೊಡಿಸಿದವರು ಬಾಗಿಲಿಗೆ ಅಂಟಿಸಿದ ಇಂಥದೊಂದು ಚೀಟಿಯನ್ನು ಒಮ್ಮೆಯಾದರೂ ಓದಿರುವ ಸಂಭವ ಹೆಚ್ಚು. ನಾನು ಓದಿದ್ದು ಕೆಲವು ವರ್ಷಗಳ ಹಿಂದೆ, ಒಂದು ಗುರುವಾರ ಬೆಳಿಗ್ಗೆ. ಹಾಸನದ ಕಡೆಯ ಹಳ್ಳಿಯಿಂದ ಬಂದು ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದ ಸೋದರತ್ತೆಗೆ ಅಂದು 14ನೆಯ ದಿನದ ಚಿಕಿತ್ಸೆ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ 40 ವರ್ಷಗಳ ಅಭ್ಯಾಸ ಕೆನ್ನೆಯ ಒಳಗೆ ಹುಣ್ಣಾಗಿ, ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಗಿ, ಶಸ್ತ್ರಚಿಕಿತ್ಸೆಯೂ ಮುಗಿದಿತ್ತು. ನಂತರ ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ ವಿಕಿರಣ ಕೊಡಬೇಕೆಂದು ಹೇಳಿದ್ದರು. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ‘ಕರೆಂಟು ಕೊಡುವುದು’ ಎನ್ನುತ್ತಾರೆ.

ಅಂದು ಅತ್ತೆಗಿಂತ ಮುಂಚೆ ಒಳಗೆ ಹೋಗಿದ್ದ ಹಿರಿಯರೊಬ್ಬರ ಚಿಕಿತ್ಸೆಯ ನಡುವೆಯೇ ಯಂತ್ರ ನಿಂತುಬಿಟ್ಟಿತ್ತು. ಅವರು ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, “ಅರ್ಧ ಬೇಯಿಸಿ ಬಿಟ್ಟವ್ರೆ ಕಣಮ್ಮಾ” ಎಂದರು. ಯಾರೂ ನಗಲಿಲ್ಲ. ಅರ್ಧಕ್ಕೆ ನಿಂತರೆ ಉಳಿದ ವಿಕಿರಣ ಎಲ್ಲಿ ಹೋಯಿತು? ಕೆಡುವ ಮುನ್ನ ಯಂತ್ರ ಹೆಚ್ಚಿಗೆ ಕೊಟ್ಟಿದ್ದರೆ? ಇವತ್ತು ತಪ್ಪಿದ್ದಕ್ಕೆ ಗಡ್ಡೆ ಮತ್ತೆ ಬೆಳೆದರೆ? ಬೆಂಚಿನ ಮೇಲಿದ್ದ ಹತ್ತಿಪ್ಪತ್ತು ಮಂದಿಯ ಮನಸ್ಸಿನಲ್ಲಿ ಈ ಪ್ರಶ್ನೆಗಳಿದ್ದವು. ಉತ್ತರ ಹೇಳುವವರು ಇರಲಿಲ್ಲ. ಒಂದು ಚೀಟಿ ಅಂಟಿಸಿದರೆ ತಮ್ಮ ಕರ್ತವ್ಯ ಮುಗಿಯಿತೆಂದು ಆಸ್ಪತ್ರೆಯವರು ತಿಳಿಯಬಾರದು ಎಂದು ಅಂದು ಅನ್ನಿಸಿತು, ಇಂದೂ ಅನ್ನಿಸುತ್ತದೆ.

ಮಧ್ಯಾಹ್ನ ಅಲ್ಲಿನ ಭೌತತಜ್ಞರು ಕಾಫಿಗೆಂದು ಹೊರಬಂದಾಗ ಹಿಡಿದು ಕೇಳಿದೆ. ವಿಕಿರಣ ವಿಭಾಗದಲ್ಲಿ ವೈದ್ಯರ ಜೊತೆಗೆ ಇಂಥವರೊಬ್ಬರು ಇರುತ್ತಾರೆ. ಯಂತ್ರದಿಂದ ಹೊರಬರುವ ವಿಕಿರಣವನ್ನು ಅಳೆದು ಲೆಕ್ಕ ಇಡುವುದು ಅವರ ಕೆಲಸ. “ಮ್ಯಾಗ್ನೆಟ್ರಾನ್ ಹೋಗಿದೆ, ಹೊಸದು ಬರಬೇಕು” ಎಂದರು. ಆ ಹೆಸರನ್ನು ನಾನು ಕೇಳಿದ್ದು ಅಡುಗೆಮನೆಯ ಮೈಕ್ರೋವೇವ್ ಒಲೆಯ ವಿಷಯದಲ್ಲಿ ಮಾತ್ರ. ಪಕ್ಕದಲ್ಲೇ ನಿಂತಿದ್ದ ಅತ್ತೆ ಕೇಳಿಯೇಬಿಟ್ಟರು: “ನಿಮ್ಮನೇಲಿ ಹಾಲು ಬಿಸಿ ಮಾಡೋ ಡಬ್ಬಿ ಒಳಗಿರೋದೇನಾ ಮಗಾ?”

ಹೌದು, ಅದೇ ಜಾತಿಯದು. ಆದರೆ ಇದು ಆ ಜಾತಿಯ ದೈತ್ಯ.

ಅಡುಗೆಮನೆಯ ನೆಂಟ

ಖಾಲಿ ಸೀಸೆಯ ಬಾಯಿಗೆ ಅಡ್ಡಲಾಗಿ ಊದಿದರೆ ‘ಹೂಂ’ ಎಂದು ಸದ್ದು ಬರುತ್ತದಲ್ಲವೆ? ಊದಿದ ಗಾಳಿಗೆ ಯಾವ ಸ್ವರವೂ ಇರುವುದಿಲ್ಲ. ಸೀಸೆಯ ಒಳಗಿನ ಪೊಳ್ಳು ಎಷ್ಟು ದೊಡ್ಡದೋ ಅದಕ್ಕೆ ತಕ್ಕ ಸ್ವರ ಏಳುತ್ತದೆ. ಮ್ಯಾಗ್ನೆಟ್ರಾನಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಒಂದು ದಪ್ಪ ತಾಮ್ರದ ತುಂಡು. ಅದರ ನಡುವೆ ಒಂದು ದೊಡ್ಡ ರಂಧ್ರ, ಸುತ್ತಲೂ ಅದಕ್ಕೆ ತೆರೆದುಕೊಂಡ ಚಿಕ್ಕ ಚಿಕ್ಕ ಪೊಳ್ಳುಗಳು. ನಡುವಿನಲ್ಲಿ ಕಾದು ಕೆಂಪಾದ ಕಡ್ಡಿ. ಆ ಕಡ್ಡಿಯಿಂದ ಹೊರಡುವ ಎಲೆಕ್ಟ್ರಾನುಗಳು ನೇರವಾಗಿ ತಾಮ್ರದ ಕಡೆಗೆ ಹಾರಬೇಕು. ಆದರೆ ಹೊರಗಿನಿಂದ ಇಟ್ಟ ಬಲವಾದ ಅಯಸ್ಕಾಂತ ಅವುಗಳ ದಾರಿಯನ್ನು ಬಾಗಿಸುತ್ತದೆ. ಅವು ಸೈಕಲ್ ಚಕ್ರದ ಕಡ್ಡಿಗಳಂತೆ ಗುಂಪುಗೂಡಿ ಗಿರ್ರನೆ ಸುತ್ತುತ್ತಾ, ಪೊಳ್ಳುಗಳ ಬಾಯಿಗೆ ಅಡ್ಡಲಾಗಿ ‘ಊದಿದಂತೆ’ ಹಾದುಹೋಗುತ್ತವೆ. ಆಗ ಏಳುವುದು ಶಬ್ದದ ಬದಲು ಮೈಕ್ರೋವೇವ್ ಅಲೆ.

ಈ ರೂಪದ ಮ್ಯಾಗ್ನೆಟ್ರಾನನ್ನು 1940ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ಎಂಬಿಬ್ಬರು ನಡೆಸಿ ತೋರಿಸಿದರು. ಎರಡನೆಯ ಮಹಾಯುದ್ಧದ ಕಾಲ. ಶತ್ರುವಿಮಾನವನ್ನು ದೂರದಿಂದಲೇ ಪತ್ತೆಹಚ್ಚುವ ರೇಡಾರಿಗೆ ಅದು ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಅದೇ ವಸ್ತು ಎರಡು ದಾರಿ ಹಿಡಿಯಿತು. ಒಂದು ಅಡುಗೆಮನೆಗೆ. ಇನ್ನೊಂದು ಆಸ್ಪತ್ರೆಗೆ: 1953ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ರೋಗಿಗೆ ಮೊದಲ ಬಾರಿ ಚಿಕಿತ್ಸೆ ಕೊಟ್ಟ ‘ಲೀನಿಯರ್ ಆಕ್ಸಿಲರೇಟರ್’ ಯಂತ್ರಕ್ಕೆ ಶಕ್ತಿ ಒದಗಿಸಿದ್ದು 20 ಲಕ್ಷ ವ್ಯಾಟ್‌ನ ಮ್ಯಾಗ್ನೆಟ್ರಾನ್. ಈ ಯಂತ್ರವನ್ನು ಆಸ್ಪತ್ರೆಯವರು ಚುಟುಕಾಗಿ ‘ಲಿನಾಕ್’ ಎನ್ನುತ್ತಾರೆ. ನಮ್ಮಲ್ಲೂ ಮ್ಯಾಗ್ನೆಟ್ರಾನ್ ಹೊಸದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಾರುಗಳಿಗಾಗಿ ಇವನ್ನು ತಯಾರಿಸಿದೆ. ಮುಂಬೈಯ ‘ಸಮೀರ್’ ಸಂಸ್ಥೆ ದೇಶದಲ್ಲೇ ಲಿನಾಕ್ ರೂಪಿಸಿದೆ.

ಮನೆಯ ಒಲೆಯ ಮ್ಯಾಗ್ನೆಟ್ರಾನ್ 700ರಿಂದ 1000 ವ್ಯಾಟ್ ಕೊಟ್ಟರೆ ಹೆಚ್ಚು. ಲಿನಾಕಿನಲ್ಲಿರುವುದು ಸುಮಾರು 30 ಲಕ್ಷ ವ್ಯಾಟ್ ಹೊಮ್ಮಿಸುತ್ತದೆ. ಗಾಬರಿಪಡಬೇಡಿ, ಇದು ನಿರಂತರವಲ್ಲ. ಒಂದು ಸೆಕೆಂಡಿನ 10 ಲಕ್ಷ ಭಾಗ ಮಾಡಿದರೆ ಅದರಲ್ಲಿ ನಾಲ್ಕು ಭಾಗದಷ್ಟು ಹೊತ್ತು ಮಾತ್ರ ಒಂದು ಹೊಡೆತ. ಇಂಥ ಕೆಲವು ನೂರು ಹೊಡೆತ ಸೆಕೆಂಡಿಗೆ. ಸರಾಸರಿ ಲೆಕ್ಕ ಹಾಕಿದರೆ ಬಚ್ಚಲುಮನೆಯ ಗೀಸರಿನಷ್ಟೇ ಆಯಿತು.

ಈ ಮೈಕ್ರೋವೇವ್ ರೋಗಿಯ ಮೈಯನ್ನು ಮುಟ್ಟುವುದೂ ಇಲ್ಲ. ಮುಚ್ಚಿದ ಲೋಹದ ಕೊಳವೆಯಲ್ಲಿ ಹರಿದು ಇನ್ನೊಂದು ತಾಮ್ರದ ನಳಿಗೆಯೊಳಗೆ ಹೋಗುತ್ತದೆ. ಅಲ್ಲಿ ಅದರ ಕೆಲಸ ಒಂದೇ: ಎಲೆಕ್ಟ್ರಾನುಗಳನ್ನು ತಳ್ಳಿ ತಳ್ಳಿ ಬೆಳಕಿನ ವೇಗದ ಹತ್ತಿರಕ್ಕೆ ಓಡಿಸುವುದು. ಹೀಗೆ ಓಡಿದ ಎಲೆಕ್ಟ್ರಾನುಗಳು ಟಂಗ್‌ಸ್ಟನ್ ಎಂಬ ಗಟ್ಟಿ ಲೋಹದ ಬಿಲ್ಲೆಗೆ ಬಡಿದಾಗ ಎಕ್ಸ್-ಕಿರಣ ಹುಟ್ಟುತ್ತದೆ. ರೋಗಿಗೆ ಸಿಗುವುದು ಆ ಕಿರಣ. ಇಷ್ಟು ಹೇಳಿದ ಮೇಲೆ ಬೇಯುವ ಪ್ರಶ್ನೆ ಏಳಬಾರದು. ಚಿಕಿತ್ಸೆ ಪಡೆಯುವಾಗ ಮೈ ಬಿಸಿಯಾಗುವುದಿಲ್ಲ. ಕೆಲವು ವಾರಗಳಲ್ಲಿ ಚರ್ಮ ಕೆಂಪಾಗುವುದು, ಬಾಯಿ ಹುಣ್ಣಾಗುವುದು ವಿಕಿರಣ ಜೀವಕೋಶಗಳ ಮೇಲೆ ಮಾಡುವ ಪರಿಣಾಮದಿಂದ.

ಉಯ್ಯಾಲೆಗೆ ತಕ್ಕ ತಳ್ಳು

ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ ತಳ್ಳುವವರಿಗೆ ಗೊತ್ತು. ಉಯ್ಯಾಲೆ ಹಿಂದಕ್ಕೆ ಬಂದು ಮುಂದಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ ತಳ್ಳಿದರೆ ಬೆರಳ ಬಲವೇ ಸಾಕು, ಜೀಕು ಏರುತ್ತಾ ಹೋಗುತ್ತದೆ. ಹೊತ್ತು ತಪ್ಪಿ ತಳ್ಳಿದರೆ ಎಷ್ಟು ಬಲ ಹಾಕಿದರೂ ಕೈಗೆ ಪೆಟ್ಟು. ಲಿನಾಕಿನ ನಳಿಗೆ ಇಂಥದೊಂದು ಉಯ್ಯಾಲೆ. ಸಾಮಾನ್ಯ ಯಂತ್ರಗಳಲ್ಲಿ ಅದು ಸೆಕೆಂಡಿಗೆ ಸುಮಾರು 300 ಕೋಟಿ ಸಲ ಜೀಕುತ್ತದೆ. ಮ್ಯಾಗ್ನೆಟ್ರಾನ್ ಅದನ್ನು ತಳ್ಳುವವ. ಇಬ್ಬರ ಲಯವೂ ಕೂಡಿರಬೇಕು.

ತೊಂದರೆ ಇರುವುದು ಇಲ್ಲೇ. ಮ್ಯಾಗ್ನೆಟ್ರಾನ್ ಸ್ವಂತ ಸ್ವರದಲ್ಲಿ ಹಾಡುವ ಹಾಡುಗಾರ, ಅದೂ ಸ್ವಲ್ಪ ಮೊಂಡ. ಕಾದರೆ ಅದರ ತಾಮ್ರ ಹಿಗ್ಗಿ ಸ್ವರ ಇಳಿಯುತ್ತದೆ. ವಿದ್ಯುತ್ ಒತ್ತಡ ಹೆಚ್ಚುಕಡಿಮೆಯಾದರೆ ಸ್ವರ ಸರಿಯುತ್ತದೆ. ಎದುರಿನ ನಳಿಗೆಯಿಂದ ಅಲೆ ಹಿಂದಕ್ಕೆ ಚಿಮ್ಮಿದರೂ ಸರಿಯುತ್ತದೆ. ಇನ್ನು ನಳಿಗೆಯಾದರೂ ಸುಮ್ಮನಿರುತ್ತದೆಯೆ? ಅದೂ ತಾಮ್ರವೇ. ಒಂದು ಡಿಗ್ರಿ ಬಿಸಿ ಏರಿದರೆ ಅದರ ಲಯ ಸೆಕೆಂಡಿಗೆ ಸುಮಾರು 50,000ದಷ್ಟು ತಗ್ಗುತ್ತದೆ. 300 ಕೋಟಿಯಲ್ಲಿ ಐವತ್ತು ಸಾವಿರ ಯಾವ ಲೆಕ್ಕ ಎನ್ನಬಹುದು. ಆದರೆ ನಳಿಗೆ ಒಪ್ಪಿಕೊಳ್ಳುವ ಸ್ವರದ ಪಟ್ಟಿ ಬಹಳ ಕಿರಿದು. ನಾಲ್ಕೈದು ಡಿಗ್ರಿ ಬದಲಾಗಿ, ಮ್ಯಾಗ್ನೆಟ್ರಾನ್ ಹಳೆಯ ಸ್ವರದಲ್ಲೇ ಉಳಿದರೆ ಹೊಂದಾಣಿಕೆ ಕೆಡುತ್ತದೆ.

ಕೆಟ್ಟರೆ ಏನಾಗುತ್ತದೆ? ಎಲೆಕ್ಟ್ರಾನುಗಳಿಗೆ ಸಿಗುವ ತಳ್ಳು ಕಡಿಮೆಯಾಗುತ್ತದೆ. ಹುಟ್ಟುವ ಎಕ್ಸ್-ಕಿರಣ ದುರ್ಬಲವಾಗುತ್ತದೆ, ಮೈಯೊಳಗೆ ಇಳಿಯುವ ಆಳವೂ ಬದಲಾಗುತ್ತದೆ. ಆರು ಸೆಂಟಿಮೀಟರ್ ಒಳಗಿರುವ ಗಡ್ಡೆಗೆ ಇಷ್ಟು ಎಂದು ವೈದ್ಯರು ಹಾಕಿದ ಲೆಕ್ಕ ಕಿರಣದ ಶಕ್ತಿ ಒಂದೇ ಸಮ ಇರುತ್ತದೆಂಬ ನಂಬಿಕೆಯ ಮೇಲೆ ನಿಂತಿದೆ. ಗಡ್ಡೆಗೆ ತಲುಪುವ ವಿಕಿರಣದ ಪ್ರಮಾಣ ಶೇಕಡಾ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದೆಂದು ಅಂತಾರಾಷ್ಟ್ರೀಯ ತಜ್ಞರ ಸಮಿತಿ 1976ರಲ್ಲೇ ಸಲಹೆ ಮಾಡಿತು. ಕಡಿಮೆಯಾದರೆ ಕ್ಯಾನ್ಸರ್ ಉಳಿಯುತ್ತದೆ, ಹೆಚ್ಚಾದರೆ ಪಕ್ಕದ ಒಳ್ಳೆಯ ಅಂಗ ನವೆಯುತ್ತದೆ.

ಬಿರಡೆ ತಿರುಗಿಸುವ ಮೋಟಾರು

ಸಂಗೀತ ಕಚೇರಿಗೆ ಹೋದವರು ನೋಡಿರುತ್ತೀರಿ. ದೀಪದ ಬಿಸಿಗೋ ಜನರ ಬಿಸಿಗೋ ತಂಬೂರಿಯ ತಂತಿ ಸ್ವಲ್ಪ ಇಳಿಯುತ್ತದೆ. ಹಿಂದೆ ಕುಳಿತವರು ಹಾಡು ನಿಲ್ಲಿಸದೆ ಮಣಿಯನ್ನು ಒಂದಿಷ್ಟು ಸರಿಸಿ ಶ್ರುತಿ ಕೂಡಿಸಿಬಿಡುತ್ತಾರೆ. ಲಿನಾಕಿನಲ್ಲೂ ಹೀಗೆ ಶ್ರುತಿ ಕೂಡಿಸುವ ವ್ಯವಸ್ಥೆ ಇದೆ. ತಂಬೂರಿಯ ಬಿರಡೆ, ಮಣಿಗಳ ಬದಲು ಇಲ್ಲಿರುವುದು ಮ್ಯಾಗ್ನೆಟ್ರಾನಿನ ಪೊಳ್ಳಿನೊಳಗೆ ಚಾಚಿದ ಒಂದು ಸಣ್ಣ ಲೋಹದ ಭಾಗ. ಅದು ಒಳಕ್ಕೆ ಹೊರಕ್ಕೆ ಸರಿದಂತೆ ಸ್ವರ ಏರಿಳಿಯುತ್ತದೆ. ಸರಿಸುವುದು ಒಂದು ಪುಟ್ಟ ಮೋಟಾರು.

ಮೋಟಾರಿಗೆ ಕಿವಿ ಯಾವುದು? ನಳಿಗೆಗೆ ಹೋಗುವ ಅಲೆಯನ್ನೂ ಅಲ್ಲಿಂದ ಹಿಂದಿರುಗುವ ಅಲೆಯನ್ನೂ ಚೂರು ಚೂರು ಸವಿದು ನೋಡಿ ಹೋಲಿಸುವ ಒಂದು ವಿದ್ಯುನ್ಮಂಡಲ. ಲಯ ಕೂಡಿದ್ದರೆ ಎರಡರ ನಡುವೆ ಒಂದು ನಿಶ್ಚಿತ ಸಂಬಂಧ ಇರುತ್ತದೆ. ಅದು ತಪ್ಪಿದ ಕೂಡಲೇ ಯಾವ ಕಡೆಗೆ ತಪ್ಪಿದೆ ಎಂದು ತಿಳಿದು ಮೋಟಾರಿಗೆ ಆಜ್ಞೆ ಹೋಗುತ್ತದೆ. ಚಿಕಿತ್ಸೆ ನಡೆಯುವ ಒಂದೆರಡು ನಿಮಿಷವೂ ಈ ಕೆಲಸ ಬಿಡುವಿಲ್ಲದೆ ನಡೆದೇ ಇರುತ್ತದೆ. ಯಂತ್ರದ ತೋಳು ರೋಗಿಯ ಸುತ್ತ ತಿರುಗುವಾಗ ಕೆಲವು ಮಾದರಿಗಳಲ್ಲಿ ಮ್ಯಾಗ್ನೆಟ್ರಾನ್ ಸಹ ಅದರೊಡನೆ ತಲೆಕೆಳಗಾಗಿ ತಿರುಗುತ್ತದೆ. ಆಗ ಶ್ರುತಿ ಹಿಡಿದಿಡುವುದು ಇನ್ನೂ ಕಷ್ಟ.

ಇದಲ್ಲದೆ ನಳಿಗೆ, ಮ್ಯಾಗ್ನೆಟ್ರಾನ್ ಎರಡರ ಸುತ್ತಲೂ ಒಂದೇ ಉಷ್ಣತೆಯ ನೀರು ಹರಿಯುತ್ತಿರಬೇಕು. ಹಿಂದಕ್ಕೆ ಚಿಮ್ಮಿದ ಅಲೆ ಮ್ಯಾಗ್ನೆಟ್ರಾನಿಗೆ ಬಡಿಯದಂತೆ ಪಕ್ಕಕ್ಕೆ ತಿರುಗಿಸುವ, ಒಂದೇ ದಿಕ್ಕಿಗೆ ತೆರೆಯುವ ಬಾಗಿಲಿನಂಥ ಸಾಧನ ನಡುವೆ ಇರುತ್ತದೆ. ನೀರಿನ ಪಂಪು ಕೈಕೊಟ್ಟರೆ, ಕೋಣೆಯ ಏ.ಸಿ. ನಿಂತರೆ ಯಂತ್ರ ಚಿಕಿತ್ಸೆಗೆ ಒಪ್ಪುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದವರನ್ನು ‘ಮೆಷಿನ್ ವಾರ್ಮ್ ಆಗ್ಬೇಕು’ ಎಂದು ಕೂರಿಸುವುದು ಸೋಮಾರಿತನದಿಂದಲ್ಲ. ಮ್ಯಾಗ್ನೆಟ್ರಾನಿನ ನಡುವಿನ ಕಡ್ಡಿ ಚೆನ್ನಾಗಿ ಕಾಯದೆ ಅದಕ್ಕೆ ಪೂರ್ಣ ಒತ್ತಡ ಕೊಟ್ಟರೆ ಬೇಗ ಹಾಳಾಗುತ್ತದೆ. ಸ್ವಾರಸ್ಯವೆಂದರೆ, ಓಡಲು ಶುರುವಾದ ಮೇಲೆ ಸುತ್ತುವ ಎಲೆಕ್ಟ್ರಾನುಗಳಲ್ಲಿ ಕೆಲವು ಹಿಂದಕ್ಕೆ ಬಂದು ಕಡ್ಡಿಗೇ ಬಡಿದು ಅದನ್ನು ಕಾಯಿಸುತ್ತವೆ. ಆಗ ಹೊರಗಿನ ಬಿಸಿಯನ್ನು ತಗ್ಗಿಸಬೇಕಾಗುತ್ತದೆ!

ಎಷ್ಟು ಜೋಪಾನ ಮಾಡಿದರೂ ಮ್ಯಾಗ್ನೆಟ್ರಾನ್ ಸವೆಯುವ ವಸ್ತು. ಕೆಲವು ಸಾವಿರ ಗಂಟೆ ದುಡಿದ ಮೇಲೆ ಒಳಗೆ ಕಿಡಿ ಹಾರಲು ಶುರುವಾಗುತ್ತದೆ, ಶ್ರುತಿ ನಿಲ್ಲುವುದಿಲ್ಲ, ಬದಲಾಯಿಸಬೇಕು. ಬಿಡಿಭಾಗ ಹೊರದೇಶದಿಂದ ಬರಬೇಕಾದರೆ ದಿನಗಳು ಹಿಡಿಯುತ್ತವೆ. ರೋಗಿಗಳಿಂದ ತುಂಬಿದ ಆಸ್ಪತ್ರೆ ಒಂದು ಹೆಚ್ಚಿನ ಮ್ಯಾಗ್ನೆಟ್ರಾನನ್ನು ಕಪಾಟಿನಲ್ಲಿ ಇಟ್ಟುಕೊಂಡಿರಬೇಕು ಎಂಬುದು ನನ್ನ ಅಭಿಪ್ರಾಯ. ಖರ್ಚಿನ ಬಾಬತ್ತು ನಿಜ. ನಾಲ್ಕು ದಿನ ನಿಂತ ಯಂತ್ರದ ಖರ್ಚನ್ನೂ ಪಕ್ಕದಲ್ಲಿ ಬರೆದು ನೋಡಲಿ.

ಅರ್ಧದಲ್ಲಿ ನಿಂತರೆ

ಈಗ ಬೆಂಚಿನ ಮೇಲಿದ್ದ ಹಿರಿಯರ ಪ್ರಶ್ನೆಗೆ ಬರೋಣ. ಯಂತ್ರ ನಡುವೆ ನಿಂತರೆ ಕಿರಣವೂ ಆ ಕ್ಷಣವೇ ನಿಲ್ಲುತ್ತದೆ. ಸ್ವಿಚ್ ಆರಿಸಿದರೆ ಬಲ್ಬಿನ ಬೆಳಕು ಕೋಣೆಯಲ್ಲಿ ಉಳಿಯುತ್ತದೆಯೆ? ಹಾಗೆಯೇ ಇದು. ಹಿಂದೆ ಹೆಚ್ಚಾಗಿ ಬಳಕೆಯಲ್ಲಿದ್ದ, ಇಂದೂ ಕೆಲವೆಡೆ ಇರುವ ಕೋಬಾಲ್ಟ್ ಯಂತ್ರದ ಕಥೆ ಬೇರೆ. ಅದರೊಳಗಿನ ಕೋಬಾಲ್ಟ್-60 ಹಗಲೂ ರಾತ್ರಿ ವಿಕಿರಣ ಸೂಸುತ್ತಲೇ ಇರುತ್ತದೆ. ಸೀಸದ ಕವಚದ ಒಳಗೆ ಸೇರಿಸಿಟ್ಟರೆ ಮಾತ್ರ ಕ್ಷೇಮ. ಅದಕ್ಕೆ ಶ್ರುತಿಯ ರಗಳೆ ಇಲ್ಲ, ಕರೆಂಟು ಹೋದರೂ ಶಕ್ತಿ ಕುಂದುವುದಿಲ್ಲ ಎಂಬ ಅನುಕೂಲವೂ ಇತ್ತು. ಆದರೆ ಸುಮಾರು ಐದೂಕಾಲು ವರ್ಷಕ್ಕೆ ಅದರ ಬಲ ಅರ್ಧಕ್ಕೆ ಇಳಿಯುತ್ತದೆ, ಆಳದ ಗಡ್ಡೆಗಳಿಗೆ ಲಿನಾಕಿನಷ್ಟು ಚೆನ್ನಾಗಿ ತಲುಪುವುದಿಲ್ಲ.

ಲಿನಾಕಿನ ಕಿರಣ ಹೊರಬರುವ ದಾರಿಯಲ್ಲಿ ಒಂದಲ್ಲ, ಎರಡು ಅಳತೆಯ ಪೆಟ್ಟಿಗೆಗಳಿರುತ್ತವೆ. ಎರಡೂ ಬೇರೆ ಬೇರೆಯಾಗಿ ಎಣಿಸುತ್ತವೆ. ನಿಗದಿಯಾದ ಎಣಿಕೆ ಮುಗಿದೊಡನೆ ಮೊದಲನೆಯದು ಕಿರಣವನ್ನು ನಿಲ್ಲಿಸುತ್ತದೆ. ಅದು ತಪ್ಪಿದರೆ ಎರಡನೆಯದು. ಆದ್ದರಿಂದ ಮ್ಯಾಗ್ನೆಟ್ರಾನ್ ಶ್ರುತಿ ತಪ್ಪಿ ಕಿರಣ ಕ್ಷೀಣವಾದರೂ ರೋಗಿಗೆ ಹೆಚ್ಚಿನ ಪ್ರಮಾಣ ಹೋಗುವುದಿಲ್ಲ; ಹೊತ್ತು ಹೆಚ್ಚು ಹಿಡಿಯಬಹುದು, ಅಥವಾ ಕಿರಣ ಅಂಕೆ ಮೀರಿ ತಗ್ಗಿದೆಯೆಂದು, ಒಂದು ಕಡೆಗೆ ವಾಲಿದೆಯೆಂದು ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಎಷ್ಟು ಕೊಟ್ಟಾಗಿದೆ ಎಂಬ ಲೆಕ್ಕ ಕರೆಂಟು ಹೋದರೂ ಅಳಿಯುವುದಿಲ್ಲ. ಉಳಿದಷ್ಟನ್ನು ಆಮೇಲೆ ಕೊಡುತ್ತಾರೆ. ಇದರ ಮೇಲೆ, ಪ್ರತಿದಿನ ಬೆಳಿಗ್ಗೆ ಮೊದಲ ರೋಗಿಗೆ ಮುಂಚೆ ಕಿರಣವನ್ನು ಅಳೆದು ನೋಡುವ ಪದ್ಧತಿ ಇದೆ. ಶೇಕಡಾ 3ಕ್ಕಿಂತ ಹೆಚ್ಚು ವ್ಯತ್ಯಾಸ ಕಂಡರೆ ಭೌತತಜ್ಞರು ಕಾರಣ ಹುಡುಕಬೇಕು.

ಈ ಬೀಗಗಳೆಲ್ಲ ಸುಮ್ಮನೆ ಬಂದವಲ್ಲ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ‘ಥೆರಾಕ್-25’ ಎಂಬ ಮಾದರಿಯ ಯಂತ್ರ ಆರು ಮಂದಿಗೆ ಮಿತಿಮೀರಿ ವಿಕಿರಣ ಕೊಟ್ಟಿತು. ಕೆಲವರು ಪ್ರಾಣ ಕಳೆದುಕೊಂಡರು. ತಪ್ಪು ಕಂಪ್ಯೂಟರ್ ಕ್ರಮವಿಧಿಯದು. ಹಳೆಯ ಮಾದರಿಗಳಲ್ಲಿದ್ದ ಯಾಂತ್ರಿಕ ಬೀಗಗಳನ್ನು ಅದರಲ್ಲಿ ತೆಗೆದುಹಾಕಿ ಕಂಪ್ಯೂಟರನ್ನೇ ನೆಚ್ಚಿಕೊಂಡಿದ್ದರು. ಅಲ್ಲಿಂದೀಚೆಗೆ, ಅನುಮಾನ ಬಂದರೆ ಯಂತ್ರ ನಿಲ್ಲಬೇಕು ಎಂಬುದೇ ನಿಯಮ. ಅಂದು ಹಿರಿಯರ ಚಿಕಿತ್ಸೆಯ ನಡುವೆ ಯಂತ್ರ ನಿಂತದ್ದು ಈ ನಿಯಮದ ಪ್ರಕಾರವೇ. ಇದನ್ನು ಯಾರಾದರೂ ಎರಡು ಮಾತಿನಲ್ಲಿ ಅವರಿಗೆ ಹೇಳಿದ್ದರೆ ಅವರ ಆ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ಇನ್ನೊಂದು ಅನುಮಾನವನ್ನೂ ಇಲ್ಲೇ ತೀರಿಸಿಬಿಡೋಣ. ಲಿನಾಕಿನಲ್ಲಿ ಎಕ್ಸ್-ಕಿರಣದ ಚಿಕಿತ್ಸೆ ಪಡೆದು ಬಂದವರ ಮೈಯಿಂದ ವಿಕಿರಣ ಸೂಸುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಟ್ಟಿಗೆ ಕುಳಿತು ಊಟ ಮಾಡಬಹುದು. ನಮ್ಮತ್ತೆ ಮೊದಲ ವಾರ ತಟ್ಟೆ ಲೋಟ ಬೇರೆ ಇಟ್ಟುಕೊಂಡಿದ್ದರು.

ತಪ್ಪಿದ ದಿನಗಳ ಲೆಕ್ಕ

ಯಂತ್ರ ನಿಂತದ್ದರಿಂದ ಮೈಗೆ ಅಪಾಯವಿಲ್ಲ, ಸರಿ. ಹಾಗೆಂದು ತಪ್ಪಿದ ದಿನವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮನೆಯವರು ಗಮನ ಕೊಡಬೇಕಾದ ಮಾತು ಇದು.

ವಿಕಿರಣವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಕೊಡುವುದಕ್ಕೆ ಕಾರಣವಿದೆ. ಪ್ರತಿ ಸಲವೂ ಕ್ಯಾನ್ಸರ್ ಕೋಶಗಳೂ ಒಳ್ಳೆಯ ಕೋಶಗಳೂ ಪೆಟ್ಟು ತಿನ್ನುತ್ತವೆ. ಒಳ್ಳೆಯವು ಮರುದಿನದ ಹೊತ್ತಿಗೆ ಹೆಚ್ಚು ಚೇತರಿಸಿಕೊಳ್ಳುತ್ತವೆ. ಆದರೆ ಚಿಕಿತ್ಸೆ ಶುರುವಾಗಿ ಸುಮಾರು ನಾಲ್ಕು ವಾರ ಕಳೆಯುವ ಹೊತ್ತಿಗೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರುಗಳಲ್ಲಿ ಉಳಿದ ಕೋಶಗಳು ಮೊದಲಿಗಿಂತ ಬೇಗ ಬೇಗ ಮರಿ ಹಾಕತೊಡಗುತ್ತವೆ. ಕಳೆ ಕಿತ್ತ ಹೊಲದಲ್ಲಿ ಉಳಿದ ಬೇರು ಚಿಗುರುವ ರೀತಿ. ಒಟ್ಟು ಚಿಕಿತ್ಸೆಯ ಅವಧಿ ನಿಗದಿಗಿಂತ ಉದ್ದವಾದಷ್ಟೂ ರೋಗ ಹತೋಟಿಗೆ ಬರುವ ಸಂಭವ ಇಳಿಯುತ್ತದೆ. ಬಾಯಿ-ಗಂಟಲಿನ ಕ್ಯಾನ್ಸರ್, ಹೆಂಗಸರ ಗರ್ಭಕೊರಳಿನ ಕ್ಯಾನ್ಸರುಗಳಲ್ಲಿ ಈ ಇಳಿಕೆ ದಿನವೊಂದಕ್ಕೆ ಸುಮಾರು ಶೇಕಡಾ 1ರ ಆಸುಪಾಸು ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ದೇಶದಲ್ಲಿ ಈ ಎರಡು ಬಗೆಯ ರೋಗಿಗಳೇ ಬಹಳ. ಬ್ರಿಟನ್ನಿನ ವಿಕಿರಣ ವೈದ್ಯರ ಸಂಸ್ಥೆ ಇಂಥ ರೋಗಿಗಳನ್ನು ಮೊದಲ ವರ್ಗಕ್ಕೆ ಸೇರಿಸಿ, ಇವರ ಒಟ್ಟು ಅವಧಿ ಎರಡು ದಿನಕ್ಕಿಂತ ಹೆಚ್ಚು ಬೆಳೆಯಬಾರದು ಎನ್ನುತ್ತದೆ. ಬೇರೆ ಕೆಲವು ಕ್ಯಾನ್ಸರುಗಳಲ್ಲಿ ಎರಡು ಮೂರು ದಿನದ ತಡ ಅಷ್ಟು ಬಾಧಿಸದು.

ಹೀಗಾಗಿ ಯಂತ್ರ ಕೆಟ್ಟರೆ ‘ನಾಳೆ ಬರುತ್ತೇವೆ’ ಎಂದು ಎದ್ದು ಬರಬೇಡಿ. ತಪ್ಪಿದ ದಿನವನ್ನು ಹೇಗೆ ತುಂಬಿಕೊಡುತ್ತೀರಿ ಎಂದು ವಿನಯದಿಂದಲೇ, ಆದರೆ ಬಿಡದೆ ಕೇಳಿ. ದಾರಿಗಳಿವೆ. ಶನಿವಾರವೂ ಚಿಕಿತ್ಸೆ ಕೊಡಬಹುದು. ಒಂದೇ ದಿನ ಎರಡು ಸಲ ಕೊಡಬಹುದು. ನಡುವೆ ಕನಿಷ್ಠ 6 ಗಂಟೆ ಬಿಡುವು ಬೇಕು. ಅದೇ ಅಳತೆಯ ಇನ್ನೊಂದು ಯಂತ್ರವಿದ್ದರೆ ಅದಕ್ಕೆ ಬದಲಾಯಿಸಬಹುದು. ಯಾವುದು ತಕ್ಕದ್ದೆಂದು ವೈದ್ಯರೇ ನಿರ್ಧರಿಸಬೇಕು. ಕಿರಣದ ಪ್ರಮಾಣವನ್ನು ಸುಮ್ಮನೆ ಒಂದೇ ಸಲಕ್ಕೆ ದುಪ್ಪಟ್ಟು ಮಾಡಿ ಎಂದು ಯಾರೂ ಒತ್ತಾಯಿಸಬಾರದು. ಒಳ್ಳೆಯ ಅಂಗಗಳು ಅದನ್ನು ತಾಳುವುದಿಲ್ಲ.

ಯಂತ್ರವನ್ನು ಮಾತ್ರ ದೂರಿದರೆ ಅನ್ಯಾಯವಾದೀತು. ನಾವಾಗಿಯೇ ತಪ್ಪಿಸುವ ದಿನಗಳೂ ಕಡಿಮೆಯಿಲ್ಲ. ಊರ ಹಬ್ಬ, ಕೊಯ್ಲು, ಮಗಳ ಮನೆಯ ಸೀಮಂತ, ಬಸ್ಸಿನ ಖರ್ಚು, ಬಾಯಿ ಹುಣ್ಣಾಗಿ ನುಂಗಲಾಗದ ನೋವು. ಹುಣ್ಣಿಗೆ ಔಷಧವಿದೆ, ವೈದ್ಯರಿಗೆ ಹೇಳಿದರೆ ಕೊಡುತ್ತಾರೆ. ಖಾರ ಬಿಟ್ಟು ಗಂಜಿ, ಮೊಸರನ್ನ, ಮೆತ್ತಗಿನ ರಾಗಿ ಅಂಬಲಿಯಲ್ಲಿ ದಿನ ದೂಡಬಹುದು. ದಿನ ಬಿಡುವುದು ಮಾತ್ರ ಬೇಡ.

ಭಾಗವತರ ತಾಳ

ಮ್ಯಾಗ್ನೆಟ್ರಾನ್ ಇಷ್ಟು ಮೊಂಡನಾದರೆ ಬೇರೆಯದನ್ನು ಬಳಸಬಾರದೆ? ಬಳಸುತ್ತಾರೆ. ಹೆಚ್ಚು ಶಕ್ತಿಯ ಹಲವು ಲಿನಾಕುಗಳಲ್ಲೂ ಸಂಶೋಧನೆಯ ದೊಡ್ಡ ವೇಗವರ್ಧಕಗಳಲ್ಲೂ ‘ಕ್ಲೈಸ್ಟ್ರಾನ್’ ಎಂಬ ಸಾಧನ ಇರುತ್ತದೆ. ಅದು ಹಾಡುಗಾರನಲ್ಲ, ಧ್ವನಿವರ್ಧಕ. ಚಿಕ್ಕದೊಂದು ಶುದ್ಧ ಸ್ವರವನ್ನು ಕೊಟ್ಟರೆ ಅದನ್ನೇ ದೊಡ್ಡದಾಗಿ ಹೊಮ್ಮಿಸುತ್ತದೆ. ಹೇಳಿದ ಮಾತು ಕೇಳುತ್ತದೆ. ಆದರೆ ಗಾತ್ರ ದೊಡ್ಡದು, ಬೆಲೆ ಹೆಚ್ಚು, ತಿನ್ನುವ ವಿದ್ಯುತ್ತೂ ಹೆಚ್ಚು. ಒಲೆಯ ಜಾತಿಯ ಮ್ಯಾಗ್ನೆಟ್ರಾನ್ ತೆಗೆದುಕೊಂಡ ವಿದ್ಯುತ್ತಿನಲ್ಲಿ ಸುಮಾರು ಶೇಕಡಾ 70ನ್ನು ಅಲೆಯಾಗಿ ಹಿಂದಿರುಗಿಸುತ್ತದೆ. ಅಗ್ಗವೂ ಹೌದು.

ಈ ಅಗ್ಗದ ಮೊಂಡನಿಗೆ ಶಿಸ್ತು ಕಲಿಸಲು ಒಂದು ಹಳೆಯ ಉಪಾಯವಿದೆ. ಯಕ್ಷಗಾನದಲ್ಲಿ ಚೆಂಡೆಯ ಸದ್ದು ಊರಾಚೆಗೆ ಕೇಳುತ್ತದೆ. ಭಾಗವತರ ಕೈಯ ಪುಟ್ಟ ತಾಳ ಕೇಳುವುದು ಪಕ್ಕದವರಿಗೆ ಮಾತ್ರ. ಆದರೂ ಚೆಂಡೆ ನಡೆಯುವುದು ತಾಳವನ್ನು ಹಿಡಿದು. ಹಾಗೆಯೇ ಮ್ಯಾಗ್ನೆಟ್ರಾನಿನ ಬಾಯಿಗೆ ಹೊರಗಿನಿಂದ ಒಂದು ಸಣ್ಣ, ಶುದ್ಧವಾದ ಸ್ವರವನ್ನು ಊದಿದರೆ, ಆ ಸ್ವರ ಅದರ ಸ್ವಂತ ಸ್ವರಕ್ಕೆ ಸಾಕಷ್ಟು ಹತ್ತಿರವಿದ್ದಲ್ಲಿ, ಅದು ತನ್ನ ಹಟ ಬಿಟ್ಟು ಇದರ ಹಿಂದೆ ಬರುತ್ತದೆ. ಎಷ್ಟು ಹತ್ತಿರ ಇರಬೇಕು, ಎಷ್ಟು ಬಲ ಬೇಕು ಎಂಬ ಲೆಕ್ಕವನ್ನು 1946ರಲ್ಲಿ ರಾಬರ್ಟ್ ಆಡ್ಲರ್ ಬರೆದುಕೊಟ್ಟರು. ಕುಳಿತಲ್ಲಿಂದಲೇ ಟಿ.ವಿ. ಚಾನೆಲ್ ಬದಲಿಸುವ, ಶಬ್ದದಿಂದ ಕೆಲಸ ಮಾಡುತ್ತಿದ್ದ ಮೊದಮೊದಲ ರಿಮೋಟನ್ನು 1956ರಲ್ಲಿ ರೂಪಿಸಿದವರೂ ಇವರೇ.

ಅಮೆರಿಕದ ಜೆಫರ್ಸನ್ ಪ್ರಯೋಗಾಲಯ ಮತ್ತು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಟ್ಟುಗೂಡಿ, ಅಡುಗೆ ಒಲೆಯ ಮ್ಯಾಗ್ನೆಟ್ರಾನನ್ನೇ ಹೀಗೆ ತಾಳಕ್ಕೆ ಕಟ್ಟಿ, ಅತಿಶೀತದಲ್ಲಿ ಕೆಲಸ ಮಾಡುವ ವೇಗವರ್ಧಕದ ಒಂದು ಕೋಶವನ್ನು ನಡೆಸಿದ ವಿವರ 2011ರಲ್ಲಿ ಪ್ರಕಟವಾಯಿತು. ಲಯದ ತಪ್ಪು ಒಂದು ಸುತ್ತಿನ 360 ಭಾಗದಲ್ಲಿ ಸುಮಾರು ಒಂದು ಭಾಗಕ್ಕೆ ಇಳಿದಿತ್ತು. ತಾಳ ಕೂಡಿದರೂ ಸದ್ದಿನ ಗಟ್ಟಿತನ ಬೇಕೆಂದಂತೆ ಏರಿಳಿಸುವುದು ಮ್ಯಾಗ್ನೆಟ್ರಾನಿಗೆ ಒಗ್ಗದ ಕೆಲಸ, ತಗ್ಗಿಸಿದರೆ ತಡವರಿಸುತ್ತದೆ. ಷಿಕಾಗೊ ಬಳಿಯ ಫರ್ಮಿಲ್ಯಾಬ್‌ನವರು ಇದಕ್ಕೂ ಒಂದು ಯುಕ್ತಿ ಹೂಡಿದರು. ಮ್ಯಾಗ್ನೆಟ್ರಾನ್ ಪೂರ್ಣ ಬಲದಲ್ಲೇ ಹಾಡಲಿ. ತಾಳವನ್ನು ಮಾತ್ರ ಬೇಗ ಬೇಗ ಹಿಂದೆ ಮುಂದೆ ಅಲುಗಿಸುವುದು. ಆಗ ಶಕ್ತಿಯ ಒಂದು ಪಾಲು ಅಕ್ಕಪಕ್ಕದ ಸ್ವರಗಳಿಗೆ ಹಂಚಿಹೋಗುತ್ತದೆ. ಕಿರಿದಾದ ಸ್ವರವನ್ನಷ್ಟೇ ಒಪ್ಪುವ ಕೋಶ ಅವನ್ನು ಹೊರಗೇ ನಿಲ್ಲಿಸುತ್ತದೆ. ಒಳಗೆ ಹೋಗುವುದು ನಮಗೆ ಬೇಕಾದಷ್ಟೇ.

ಇದರಿಂದ ನಾಳೆಯೇ ತಾಲ್ಲೂಕಿಗೊಂದು ಲಿನಾಕ್ ಬಂದುಬಿಡುತ್ತದೆ ಎಂದು ನಾನು ಹೇಳಲಾರೆ. ಚಿಕಿತ್ಸೆಯ ಯಂತ್ರದಲ್ಲಿ ಇರುವುದು ಒಂದೇ ನಳಿಗೆ. ಅದಕ್ಕೆ ಮೋಟಾರಿನ ಶ್ರುತಿ ಸಾಕು. ತಾಳಕ್ಕೆ ಕಟ್ಟುವ ವಿದ್ಯೆ ಬೇಕಾಗುವುದು ಹತ್ತಾರು ಕೋಶಗಳು ಒಂದೇ ಲಯದಲ್ಲಿ ನಡೆಯಬೇಕಾದ ದೊಡ್ಡ ಯಂತ್ರಗಳಿಗೆ. ಅಂಥವುಗಳಿಂದಲೂ ರೋಗಿಗೆ ಉಪಯೋಗವಿದೆ. ಮೂಳೆ, ಹೃದಯಗಳ ಸ್ಕ್ಯಾನಿಗೆ ಬೇಕಾದ ಟೆಕ್ನೀಷಿಯಂ ಬಹುಪಾಲು ಕೆಲವೇ ಹಳೆಯ ಪರಮಾಣು ರಿಯಾಕ್ಟರುಗಳನ್ನು ಅವಲಂಬಿಸಿ ಬಂದಿದೆ. 2009ರಲ್ಲಿ ಕೆನಡಾದ ಒಂದು ರಿಯಾಕ್ಟರ್ ಕೆಟ್ಟು ವರ್ಷಕ್ಕೂ ಮೇಲೆ ನಿಂತಾಗ ಹಲವು ದೇಶಗಳಲ್ಲಿ ಸ್ಕ್ಯಾನುಗಳು ಮುಂದಕ್ಕೆ ಹೋದವು. ಇಂಥ ವಸ್ತುಗಳನ್ನು ವೇಗವರ್ಧಕದಿಂದ ತಯಾರಿಸುವ ಪ್ರಯತ್ನಗಳಿವೆ. ಅಲ್ಲಿ ವಿದ್ಯುತ್ತಿನ ಬಿಲ್ಲೂ ಶಕ್ತಿಮೂಲದ ಬೆಲೆಯೂ ದೊಡ್ಡ ಬಾಬತ್ತು.

ಇತ್ತ ನಮ್ಮ ಆಸ್ಪತ್ರೆಯಲ್ಲಿ ಸೋಮವಾರ ಸಂಜೆ ಹೊಸ ಮ್ಯಾಗ್ನೆಟ್ರಾನ್ ಬಂತು. ರಾತ್ರಿಯೆಲ್ಲ ಕುಳಿತು ಎಂಜಿನಿಯರ್ ಅದನ್ನು ಜೋಡಿಸಿದರು. ಭೌತತಜ್ಞರು ಕಿರಣವನ್ನು ಮತ್ತೆ ಅಳೆದು ಒಪ್ಪಿಗೆ ಕೊಟ್ಟ ಮೇಲೆ ಮಂಗಳವಾರ ಬೆಳಿಗ್ಗೆ ಚಿಕಿತ್ಸೆ ಶುರುವಾಯಿತು. ಅತ್ತೆಗೆ ತಪ್ಪಿದ್ದು ಮೂರು ದಿನ. ವೈದ್ಯರನ್ನು ಕೇಳಿದೆ. ಅವರು ಕ್ಯಾಲೆಂಡರ್ ಎಳೆದುಕೊಂಡು ಎರಡು ಶನಿವಾರ ಗುರುತು ಹಾಕಿದರು, ಒಂದು ಬುಧವಾರ ಬೆಳಿಗ್ಗೆ-ಸಂಜೆ ಎರಡು ಸಲ ಎಂದು ಬರೆದರು. ನಿಗದಿಯಾಗಿದ್ದ ಶುಕ್ರವಾರವೇ 30 ಮುಗಿಯಿತು.

ಮಂಗಳವಾರ ಅತ್ತೆ ಒಳಗೆ ಹೋಗುವಾಗ ಬಾಗಿಲ ಪಕ್ಕದಲ್ಲಿ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಮ್ಯಾಗ್ನೆಟ್ರಾನ್ ಇತ್ತು. ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ಗಾತ್ರ. ಬಗ್ಗಿ ನೋಡಿದರು.

“ಇಷ್ಟುದ್ದಕ್ಕೆ ನಾಲ್ಕು ದಿನ ಕೂರಿಸಿದ್ರಾ?” ಎಂದು ಎಂಜಿನಿಯರನ್ನು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಬಿಟ್ಟು ಒಳಗೆ ಹೋದರು.